ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚೇ?

ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಅಡ್ಡರಸ್ತೆ. ಸಂಜೆ ಪಾಳಿ ಬದಲಾಗುವ ಹೊತ್ತು. ಹಳೆಯ ಶಿಷ್ಯನೊಬ್ಬ ಕಿವಿಗಡಚಿಕ್ಕುವ ಸದ್ದಿನೊಂದಿಗೆ ಯಮಹಾ ಆರ್‌ಎಕ್ಸ್ ೧೦೦ ಬೈಕನ್ನು ನನ್ನೆದುರು ನಿಲ್ಲಿಸಿದ. ಸೈಲೆನ್ಸರನ್ನು ನಡುವೆ ಕತ್ತರಿಸಿ, ಗಿಡ್ಡ ಕೊಳವೆಗೆ ವೆಲ್ಡಿಂಗ್ ಮಾಡಿಸಿದ್ದ.

"ಸಾರ್, ಈಗ ಗಾಡಿ ಏನು ಎಳೆಯುತ್ತೆ ಗೊತ್ತಾ?"

"ಎಳೆತ ಹೆಚ್ಚಾಯಿತೋ, ಬರೀ ಸದ್ದೋ? ಅಳೆದು ನೋಡಿದೆಯೇನಪ್ಪ?" ಎಂದೆ. ಅವನು ತಲೆ ಕೆರೆದುಕೊಂಡ.

ಇದು ಟೂ ಸ್ಟ್ರೋಕ್ ಎಂಜಿನ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳದೂ ಇದೇ ಜಾತಿ. ಇದರಲ್ಲಿ ಉರಿದ ಅನಿಲ ಹೊರಹೋಗುವಾಗಲೇ ಹೊಸ ಪೆಟ್ರೋಲ್ ಮಿಶ್ರಣ ಒಳಬರುತ್ತದೆ. ಆಗ ಸ್ವಲ್ಪ ಮಿಶ್ರಣ ಉರಿಯದೆಯೇ ಹೊರಕ್ಕೆ ಜಾರುತ್ತದೆ.

ಅದನ್ನು ತಡೆಯುವುದು ಸೈಲೆನ್ಸರಿನ ಆಕಾರ. ಅನಿಲ ಹೊರನುಗ್ಗಿದಾಗ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುವಲ್ಲಿ ಹಿಂದಿರುಗುವ ಅಲೆ ಉರಿದ ಅನಿಲವನ್ನು ಹೊರಕ್ಕೆ ಎಳೆಯುತ್ತದೆ. ಮತ್ತೆ ಕಿರಿದಾಗುವಲ್ಲಿ ಹಿಂದಿರುಗುವ ಅಲೆ ತಪ್ಪಿಸಿಕೊಂಡ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ. ೧೯೫೦ರ ದಶಕದಲ್ಲಿ ಪೂರ್ವ ಜರ್ಮನಿಯ ವಾಲ್ಟರ್ ಕಾಡನ್ ಇದನ್ನು ರೇಸ್ ಬೈಕುಗಳಲ್ಲಿ ಪಳಗಿಸಿದರು.

ಒಂದು ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ ೬,೦೦೦ ಸುತ್ತು ತಿರುಗಿದರೆ ಅರ್ಧ ಸುತ್ತಿಗೆ ಸೆಕೆಂಡಿನ ೨೦೦ನೇ ಒಂದು ಭಾಗ. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು ೫೦೦ ಮೀಟರ್. ಅಷ್ಟರಲ್ಲಿ ಅಲೆ ಕ್ರಮಿಸುವುದು ಎರಡೂವರೆ ಮೀಟರ್. ಹೋಗಿ ಬರಬೇಕಲ್ಲ, ಅಂದರೆ ಒಂದು ಕಡೆಗೆ ಒಂದೂಕಾಲು ಮೀಟರ್ ಮಾತ್ರ. ಕೊಳವೆಯ ಉದ್ದ ಬದಲಾದರೆ ಅಲೆ ಹೊತ್ತು ತಪ್ಪಿ ಬರುತ್ತದೆ. ಅಳತೆಯಿಲ್ಲದೆ ಕತ್ತರಿಸಿದರೆ ಪೆಟ್ರೋಲ್ ಗಾಳಿಪಾಲು!

ಸದ್ದಿನ ಕಥೆ ಬೇರೆ. ೧೦ ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು. ಪಕ್ಕದ ಮನೆಯ ಹಸುಗೂಸಿಗೂ, ರಾತ್ರಿಪಾಳಿ ಮುಗಿಸಿ ಮಲಗಿದವರಿಗೂ ಅದೇ ಶಿಕ್ಷೆ. ೧೯೮೮ರ ಮೋಟಾರು ವಾಹನ ಕಾಯ್ದೆಯೂ ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ. ೨೦೧೯ರ ತಿದ್ದುಪಡಿಯ ಬಳಿಕ ಶಬ್ದದ ಮಿತಿ ಮೀರಿದರೆ ೧೦,೦೦೦ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ ಆಗಬಹುದು.

ಪೋಷಕರೇ, ಮಗ ಸ್ಪ್ಯಾನರ್ ಹಿಡಿದರೆ ಗದರಬೇಡಿ. ಜೊತೆಗೊಂದು ನೋಟ್‌ಬುಕ್ಕನ್ನೂ ಕೊಡಿ. ಅದೇ ರಸ್ತೆ, ಅದೇ ವೇಗ, ಒಂದು ಲೀಟರ್ ಪೆಟ್ರೋಲ್. ಹಳೆಯ ಸೈಲೆನ್ಸರಿನಲ್ಲಿ ಎಷ್ಟು ಕಿಲೋಮೀಟರ್, ಹೊಸದರಲ್ಲಿ ಎಷ್ಟು? ನನ್ನ ಶಿಷ್ಯ ಹಾಗೇ ಅಳೆದ. ಮುಂದಿನ ವಾರ ಬಂದಾಗ ಗಾಡಿ ಬಂದದ್ದೇ ನನಗೆ ಗೊತ್ತಾಗಲಿಲ್ಲ.