ಹೊಲಿಗೆ ಎಲ್ಲರದು, ಚಿತ್ತಾರ ಯಾರದು?

ಮದುವೆ ಮನೆಯಲ್ಲಿ ಯಾರದಾದರೂ ಸೆರಗಿನ ಮೇಲೆ ಚೆಂದದ ಬಳ್ಳಿಯೊಂದು ಕಣ್ಣಿಗೆ ಬಿದ್ದರೆ ‘ಒಂದು ದಿನಕ್ಕೆ ಕೊಡ್ತೀರಾ, ನಮೂನೆ ತೆಗೆದುಕೊಂಡು ವಾಪಸ್ ಮಾಡ್ತೀನಿ’ ಎಂದು ಕೇಳುವುದು ನಮ್ಮ ಹೆಣ್ಣುಮಕ್ಕಳಲ್ಲಿ ಹಳೆಯ ವಾಡಿಕೆ. ಇಲ್ಲವೆನ್ನುವವರು ಕಡಿಮೆ. ಟ್ರೇಸಿಂಗ್ ಪೇಪರ್ ಹಾಸಿ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, ಸೀರೆಯನ್ನು ಮಡಿಚಿ ಹಿಂದಿರುಗಿಸಿದರೆ ವ್ಯವಹಾರ ಮುಗಿಯಿತು. ಆ ಬಳ್ಳಿಯನ್ನು ಮೊದಲು ಬರೆದವರು ಯಾರು ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಇಂದು ಆ ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಕಸೂತಿಯ ಚಿತ್ತಾರ ಬರೆಯುವುದನ್ನು, ಉಡುಪಿನ ಅಳತೆಯ ಕಾಗದ ತಯಾರಿಸಿ ಮಾರುವುದನ್ನು ಹೊಟ್ಟೆಪಾಡಾಗಿಸಿಕೊಂಡವರು ಇದ್ದಾರೆ. ಅವರಿಂದ ಒಂದು ಹಾಳೆ ಕೊಂಡು, ಹೊಲಿಗೆ ತರಗತಿಯ ಇಪ್ಪತ್ತು ಮಂದಿಗೆ ಜೆರಾಕ್ಸ್ ಮಾಡಿ ಹಂಚಿದರೆ, ಬರೆದವರಿಗೆ ಸಿಕ್ಕಿದ್ದು ಒಂದೇ ಹಾಳೆಯ ಬೆಲೆ. ಇದು ಒಂದು ಬಗೆಯ ನಷ್ಟ. ಇನ್ನೊಂದು ಬಗೆಯ ನಷ್ಟವೂ ಉಂಟು. ಅಜ್ಜಿಯರ ಕಾಲದಿಂದ ಬಂದ ಗೋಪುರ, ತುಳಸಿಕಟ್ಟೆಗಳನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ‘ಇದು ನನ್ನ ವಿನ್ಯಾಸ, ಯಾರೂ ಬಳಸಕೂಡದು’ ಎಂದು ಹೇಳಿದರೆ, ಊರಿನ ಸೊತ್ತು ಒಬ್ಬರ ಪೆಟ್ಟಿಗೆ ಸೇರಿದಂತಾಗುತ್ತದೆ. ಈ ಎರಡು ನಷ್ಟಗಳ ನಡುವೆ ಗೆರೆ ಎಳೆಯುವುದು ಎಲ್ಲಿ?

ಕಾಗದವಿಲ್ಲದ ಕಲೆ

ಧಾರವಾಡ ಸೀಮೆಯ ಕಸೂತಿಯನ್ನೇ ನೋಡೋಣ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಇಡೀ ಕಲೆ ಅಡಗಿದೆ. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ಹಿಂದಿರುಗಿ ಖಾಲಿ ಬಿಟ್ಟ ಜಾಗವನ್ನು ತುಂಬುವುದರಿಂದ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ತಾರ ಒಂದೇ ತೆರನಾಗಿ ಕಾಣುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತಿ, ಹೆಸರೇ ಹೇಳುವಂತೆ, ಮೆಂತ್ಯದ ಕಾಳಿನ ಹಾಗೆ ಕತ್ತರಿ ಆಕಾರದ ಹೊಲಿಗೆ. ತೇರು, ಆನೆ, ನವಿಲು, ಗೋಪುರ ಎಲ್ಲವೂ ಇವುಗಳಿಂದಲೇ ಮೂಡುತ್ತವೆ.

ಗಮನಿಸಬೇಕಾದ ಅಂಶವೆಂದರೆ, ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಇಳಕಲ್ ಸೀರೆಯ ಎಳೆಗಳನ್ನು ಎಣಿಸುತ್ತಾ ಎಣಿಸುತ್ತಾ ಹೊಲಿಯುವುದೇ ಕ್ರಮ. ನಮೂನೆ ಇರುವುದು ಹೊಲಿಯುವವಳ ನೆನಪಿನಲ್ಲಿ, ಇಲ್ಲವೆ ಎದುರಿಗೆ ಹರಡಿದ ಹಳೆಯ ಸೀರೆಯಲ್ಲಿ. ತಾಯಿಯಿಂದ ಮಗಳಿಗೆ, ನೆರೆಮನೆಯವಳಿಂದ ಇವಳಿಗೆ ಬರುವಾಗ ಒಂದೆರಡು ಎಳೆ ಹೆಚ್ಚುಕಡಿಮೆಯಾಗಿ ನವಿಲಿನ ಕತ್ತು ಉದ್ದವಾಗುತ್ತದೆ, ತೇರಿಗೆ ಇನ್ನೊಂದು ಅಂತಸ್ತು ಏರುತ್ತದೆ. ಇಂಥ ನಮೂನೆಗೆ ಕರ್ತೃ ಯಾರೆಂದು ಹುಡುಕಿದರೆ ಸಿಗುವುದು ಒಬ್ಬರಲ್ಲ, ಹಲವು ತಲೆಮಾರು. ಅನುಮತಿ ಕೇಳುವುದಾದರೂ ಯಾರನ್ನು?

ನಮೂನೆ ಕೈಬಿಟ್ಟು ಕಾಗದಕ್ಕೆ ಬಂದ ಮೇಲೆ ಈ ಪ್ರಶ್ನೆಗೆ ಉತ್ತರ ಸಾಧ್ಯವಾಯಿತು. ಕಾಗದಕ್ಕೆ ಬರೆದವರೊಬ್ಬರು ಇರುತ್ತಾರೆ, ಅಚ್ಚು ಹಾಕಿದವರೊಬ್ಬರು ಇರುತ್ತಾರೆ, ಬೆಲೆಯೂ ಇರುತ್ತದೆ.

ಅಚ್ಚಿನ ಮನೆಯಿಂದ ಬಂದ ನಮೂನೆ

ಯುರೋಪಿನಲ್ಲಿ ಕಸೂತಿ ನಮೂನೆಗಳ ಅಚ್ಚಾದ ಪುಸ್ತಕಗಳು ಕಾಣಿಸಿಕೊಂಡದ್ದು 1520ರ ದಶಕದಲ್ಲಿ, ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ. ಬೇಡಿಕೆ ಎಷ್ಟಿತ್ತೆಂದರೆ ಕೆಲವೇ ವರ್ಷಗಳಲ್ಲಿ ಇತರ ಊರುಗಳ ಮುದ್ರಕರೂ ಈ ಕೆಲಸಕ್ಕಿಳಿದರು. ಒಬ್ಬರ ಪುಟಗಳನ್ನು ಇನ್ನೊಬ್ಬರು ನಕಲು ಮಾಡುವುದೂ ಅಂದಿನಿಂದಲೇ ನಡೆದು ಬಂತು. ಕೊಂಡವರು ಪುಟವನ್ನೇ ಬಟ್ಟೆಯ ಮೇಲಿಟ್ಟು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ತೂತುಗಳ ಮೇಲೆ ಇದ್ದಿಲಪುಡಿ ಉಜ್ಜುತ್ತಿದ್ದರು. ಹೀಗೆ ಬಳಸಿ ಬಳಸಿ ಪುಸ್ತಕಗಳು ಹರಿದುಹೋದವು; ಉಳಿದಿರುವ ಪ್ರತಿಗಳು ವಿರಳ. ನಮ್ಮ ಪೇಟೆಗಳ ಕಸೂತಿ ಅಂಗಡಿಗಳಲ್ಲಿ ತೂತು ಚುಚ್ಚಿದ ಹಾಳೆಯ ಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಒರೆಸುವುದನ್ನು ಕಂಡವರಿಗೆ ಈ ವಿಧಾನ ಹೊಸದೆನ್ನಿಸದು.

ಉಡುಪಿನ ವಿಷಯದಲ್ಲಿ ಇಂಥದೇ ತಿರುವು ಬಂದದ್ದು 1863ರಲ್ಲಿ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ದರ್ಜಿ ಎಬೆನೆಜರ್ ಬಟರಿಕ್, ಬೇರೆ ಬೇರೆ ಅಳತೆಗಳಿಗೆ ಕತ್ತರಿಸಿದ ಕಾಗದದ ಮಾದರಿಗಳನ್ನು ಮಾರಾಟಕ್ಕಿಟ್ಟ. ದರ್ಜಿಯ ಕೈಯಲ್ಲಿದ್ದ ಗುಟ್ಟು ಲಕೋಟೆಯೊಳಗೆ ಸೇರಿ ಮನೆ ಮನೆ ತಲುಪಿತು.

ಬಟ್ಟೆಯ ಮೇಲಿನ ವಿನ್ಯಾಸಕ್ಕೆ ಕಾನೂನಿನ ರಕ್ಷಣೆ ಇದಕ್ಕಿಂತ ಮೊದಲೇ ಬಂದಿತ್ತು. 1787ರಲ್ಲಿ ಇಂಗ್ಲೆಂಡಿನ ಸಂಸತ್ತು ಹೊಸ ನಮೂನೆಯನ್ನು ಬಟ್ಟೆಗೆ ಅಚ್ಚು ಹಾಕಿದವರಿಗೆ ಎರಡು ತಿಂಗಳ ಏಕಸ್ವಾಮ್ಯ ಕೊಟ್ಟಿತು; 1794ರಲ್ಲಿ ಅದು ಮೂರು ತಿಂಗಳಾಯಿತು. ಆ ಕಾಯಿದೆ ಹೆಸರಿಸಿದ ಬಟ್ಟೆಗಳಲ್ಲಿ ‘ಕ್ಯಾಲಿಕೊ’ ಕೂಡ ಒಂದು. ಆ ಹೆಸರು ಬಂದದ್ದು ನಮ್ಮ ಕಲ್ಲಿಕೋಟೆಯಿಂದ. ಭಾರತದ ಅಚ್ಚುಬಟ್ಟೆಯನ್ನು ಅನುಕರಿಸಿ ಬೆಳೆದ ಉದ್ಯಮವು ತನ್ನನ್ನು ಯಾರೂ ಅನುಕರಿಸಬಾರದೆಂದು ಕಾನೂನು ಪಡೆಯಿತು. ಕಾಶ್ಮೀರಿ ಶಾಲಿನ ಕಥೆಯೂ ಹಾಗೆಯೇ. ನಾವು ಮಾವಿನಕಾಯಿ ಬುಟ್ಟಾ ಎಂದು ಕರೆಯುವ ಆಕಾರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಮಗ್ಗಗಳು ಲೆಕ್ಕವಿಲ್ಲದಷ್ಟು ನೇಯ್ದವು. ಇಂದು ಜಗತ್ತು ಆ ಬುಟ್ಟಾವನ್ನು ‘ಪೇಸ್ಲಿ’ ಎಂದೇ ಗುರುತಿಸುತ್ತದೆ. ಅನುಮತಿಯಿಲ್ಲದೆ ನಮೂನೆ ಹೋದರೆ ಅದರ ಹಿಂದೆ ಹೆಸರೂ ಹೋಗುವುದುಂಟು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನಮ್ಮ ಕಾಯಿದೆ ಏನೆನ್ನುತ್ತದೆ?

ಭಾರತದಲ್ಲಿ ಈ ವಿಷಯ ಮುಖ್ಯವಾಗಿ ಎರಡು ಕಾಯಿದೆಗಳ ನಡುವೆ ಹಂಚಿಹೋಗಿದೆ. ಒಂದು 1957ರ ಕೃತಿಸ್ವಾಮ್ಯ ಕಾಯಿದೆ, ಇನ್ನೊಂದು 2000ದ ವಿನ್ಯಾಸ ಕಾಯಿದೆ.

ಕಾಗದದ ಮೇಲೆ ಸ್ವಂತವಾಗಿ ಬರೆದ ಚಿತ್ತಾರ ಒಂದು ಕಲಾಕೃತಿ. ಅದು ಬಹಳ ಸುಂದರವಾಗಿರಬೇಕೆಂದೇನೂ ಇಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದ ಕ್ಷಣದಿಂದಲೇ ಅದರ ಸ್ವಾಮ್ಯ ಬರೆದವರದು. ಅವರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಸಂಬಳಕ್ಕೆ ದುಡಿಯುವವರು ಕೆಲಸದ ಭಾಗವಾಗಿ ಬರೆದದ್ದು ಮಾತ್ರ, ಬೇರೆ ಕರಾರು ಇಲ್ಲದಿದ್ದರೆ, ಸಂಬಳ ಕೊಡುವವರಿಗೆ ಸೇರುತ್ತದೆ. ನಮೂನೆಯ ಜೊತೆ ಇರುವ ಬರಹ, ಅಂದರೆ ಎಲ್ಲಿಂದ ಆರಂಭಿಸಬೇಕು, ಎಷ್ಟು ಎಳೆ ಬಿಡಬೇಕು ಎಂಬ ವಿವರಣೆ, ಪುಸ್ತಕದ ಬರಹದಂತೆಯೇ ರಕ್ಷಣೆ ಪಡೆಯುತ್ತದೆ.

ಆದರೆ ಕಾಯಿದೆ ಕಾಯುವುದು ಬರೆದ ರೂಪವನ್ನು. ಆಲೋಚನೆಯನ್ನಾಗಲಿ ವಿಧಾನವನ್ನಾಗಲಿ ಅಲ್ಲ. ಗವಂತಿ ಹೊಲಿಗೆ ಯಾರ ಸ್ವತ್ತೂ ಅಲ್ಲ. ಸೆರಗಿಗೆ ನವಿಲು ಹಾಕುವ ಯೋಚನೆಗೂ ಒಡೆಯರಿಲ್ಲ. ಒಬ್ಬ ಕಲಾವಿದೆ ತಾನೇ ಬರೆದ ನವಿಲು, ಅದರ ಕತ್ತಿನ ಬಾಗು, ಗರಿಗಳ ಜೋಡಣೆ ಆಕೆಯದು. ಸಾಂಪ್ರದಾಯಿಕ ಗೋಪುರಗಳನ್ನು ಆಕೆ ಹೊಸ ರೀತಿಯಲ್ಲಿ ಜೋಡಿಸಿದ್ದರೆ ಆ ಜೋಡಣೆಯ ಮಟ್ಟಿಗೆ ಹಕ್ಕು ಕೇಳಬಹುದು; ಗೋಪುರದ ಮೇಲಲ್ಲ. ರವಿಕೆಯ ಅಳತೆಯ ಕಾಗದದಲ್ಲಿಯೂ ಹಾಳೆಯನ್ನು ನಕಲು ಮಾಡಿ ಮಾರುವುದು ತಪ್ಪಾಗುತ್ತದೆ. ರವಿಕೆಗೆ ಹಾಗೆ ಕತ್ತರಿಸುವ ವಿದ್ಯೆ ಮಾತ್ರ ಎಲ್ಲರಿಗೂ ಬಿಟ್ಟದ್ದು.

ಇಲ್ಲಿಂದ ಮುಂದೆ ಬಹಳ ಮಂದಿ ಎಡವುವ ಜಾಗವೊಂದಿದೆ. ವಿನ್ಯಾಸ ಕಾಯಿದೆಯ ಪ್ರಕಾರ ನೋಂದಾಯಿಸಲು ಸಾಧ್ಯವಿದ್ದೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡೆಯರಾಗಲಿ, ಅವರ ಪರವಾನಗಿ ಪಡೆದವರಾಗಲಿ ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ವಸ್ತುಗಳ ಮೇಲೆ ತಂದರೆ, ಆ ವಿನ್ಯಾಸದ ಕೃತಿಸ್ವಾಮ್ಯ ಅಲ್ಲಿಗೆ ಕೊನೆಗೊಳ್ಳುತ್ತದೆ. ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮು ಹೇಳುವುದು ಇದನ್ನೇ. ವಿನ್ಯಾಸ ಕಾಯಿದೆ ತನ್ನ ವ್ಯಾಖ್ಯೆಯಲ್ಲಿ ಕೈಕೆಲಸವನ್ನೂ ಸೇರಿಸಿಕೊಂಡಿರುವುದರಿಂದ ‘ನಮ್ಮದು ಕೈಯಲ್ಲಿ ಮಾಡಿದ್ದು’ ಎಂಬ ಒಂದೇ ಮಾತನ್ನು ನಂಬಿ ಕೂರುವಂತಿಲ್ಲ. ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವವರು ವಿನ್ಯಾಸವನ್ನು ಬಹಿರಂಗಪಡಿಸುವ ಮೊದಲೇ ನೋಂದಾಯಿಸಬೇಕು. ಆಗ 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ.

ಈ ಐವತ್ತರ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ದೆಹಲಿ ಹೈಕೋರ್ಟಿನ ಎರಡು ತೀರ್ಪುಗಳನ್ನು ನೋಡಬಹುದು. 2008ರಲ್ಲಿ ವಸ್ತ್ರವಿನ್ಯಾಸಕ ತರುಣ್ ತಾಹಿಲಿಯಾನಿ ಅವರ ಸಂಸ್ಥೆ ಗೆದ್ದಿತು. ಅದರ ಉಡುಪುಗಳು ಐವತ್ತರ ಮಿತಿಯನ್ನು ದಾಟಿರಲಿಲ್ಲ. 2016ರಲ್ಲಿ ರಿತು ಕುಮಾರ್ ಅವರ ಸಂಸ್ಥೆ ಬೀಬಾ ಕಂಪನಿಯ ವಿರುದ್ಧ ಹೂಡಿದ ದಾವೆ ನಿಲ್ಲಲಿಲ್ಲ. ವಿನ್ಯಾಸಗಳು ನೋಂದಣಿಯಾಗಿರಲಿಲ್ಲ, ಉಡುಪುಗಳ ಸಂಖ್ಯೆ ಐವತ್ತನ್ನು ಮೀರಿತ್ತು. ಕಲಾಕೃತಿ ಯಾವುದು, ಕೈಗಾರಿಕಾ ವಿನ್ಯಾಸ ಯಾವುದು ಎಂದು ಪ್ರತ್ಯೇಕಿಸುವ ಬಗೆಯನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಉದ್ಯಮದ ಮೊಕದ್ದಮೆಯಲ್ಲಿ ವಿವರಿಸಿದೆ. ಹೆಸರಾಂತ ಸಂಸ್ಥೆಗಳೇ ಎಡವುವ ಈ ಲೆಕ್ಕವನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಯಾರಾದರೂ ಮೊದಲೇ ತಿಳಿಸಿಕೊಡಬೇಕು. ಐವತ್ತೊಂದನೆಯ ದಿಂಬಿನ ಚೀಲ ತಯಾರಾಗುವ ಮೊದಲು ತಿಳಿದರೆ ಅದರಿಂದ ಪ್ರಯೋಜನ.

ಅನುಮತಿ ಕೇಳುವ ಬಗೆ

ಮನೆಮಟ್ಟಿನ ಬಳಕೆಗೆ ಯಾರೂ ಹೆದರಬೇಕಾಗಿಲ್ಲ. ಖಾಸಗಿ ಬಳಕೆಗಾಗಿ ನ್ಯಾಯಯುತವಾಗಿ ಉಪಯೋಗಿಸುವುದನ್ನು ಕಾಯಿದೆಯೇ ಒಪ್ಪುತ್ತದೆ. ಪತ್ರಿಕೆಯ ಮಹಿಳಾ ಪುಟದಲ್ಲಿ ಅಚ್ಚಾದ ಹೂವನ್ನು ಮಗಳ ಲಂಗಕ್ಕೆ ಇಳಿಸಿಕೊಂಡರೆ ಅದು ಅಪರಾಧವಲ್ಲ. ಅಚ್ಚು ಹಾಕಿದ್ದೇ ಅದಕ್ಕಾಗಿ.

ಕೇಳಬೇಕಾದ ಸಂದರ್ಭಗಳು ಬೇರೆ. ಹಾಳೆಯನ್ನು ನಕಲು ಮಾಡಿ ಹಂಚುವಾಗ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದು ಗುಂಪಿಗೆ ಕಳಿಸುವಾಗ ಕೇಳಬೇಕು. ನಮೂನೆಯಿಂದ ಮಾಡಿದ ವಸ್ತುವನ್ನು ಮಾರುವಾಗ ಕೇಳಬೇಕು. ನಮೂನೆಯನ್ನು ಕಂಪ್ಯೂಟರ್ ಕಸೂತಿ ಯಂತ್ರಕ್ಕೆ ಅಳವಡಿಸುವಾಗಲೂ ಕೇಳಬೇಕು. ಗೆರೆ ಸೂಜಿಗೆ ಹೋದರೂ ಯಂತ್ರಕ್ಕೆ ಹೋದರೂ ನಕಲು ನಕಲೇ. ಶೇಕಡಾ ಇಪ್ಪತ್ತರಷ್ಟು ಬದಲಿಸಿದರೆ ಅದು ನಮ್ಮದಾಗುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಅಂಥ ನಿಯಮ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಬಣ್ಣ ಬದಲಾಯಿಸಿದ ಮಾತ್ರಕ್ಕೆ ನವಿಲು ಬೇರೆಯಾಗದು.

ಅನುಮತಿ ಬರಹದಲ್ಲಿರಬೇಕು. ಯಾವ ನಮೂನೆ, ಯಾವ ವಸ್ತುವಿಗೆ, ಎಷ್ಟು ಸಂಖ್ಯೆ, ಎಷ್ಟು ಕಾಲ, ಎಲ್ಲೆಲ್ಲಿ ಮಾರಾಟ, ಹಣವೆಷ್ಟು, ಬರೆದವರ ಹೆಸರು ಎಲ್ಲಿ ಹಾಕಬೇಕು ಎಂದು ಒಂದು ಪುಟದಲ್ಲಿ ಬರೆದರೆ ಸಾಕು. ಅವಧಿ ನಮೂದಿಸದಿದ್ದರೆ ಕಾಯಿದೆ ಅದನ್ನು ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತವೆಂದೂ ಭಾವಿಸುತ್ತದೆ. ಸ್ವಾಮ್ಯವನ್ನು ಪೂರ್ತಿ ಮಾರಿಕೊಂಡ ಮೇಲೂ ‘ಇದನ್ನು ಬರೆದವಳು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಬರೆದವಳಲ್ಲಿಯೇ ಉಳಿಯುತ್ತದೆ.

ಊರಿನ ಸೊತ್ತಿಗೆ ಕಾವಲು

ಹಾಗಾದರೆ ಕರ್ತೃವಿಲ್ಲದ ನಮೂನೆಗಳಿಗೆ ದಿಕ್ಕಾರು? 1999ರಲ್ಲಿ ರೂಪುಗೊಂಡು 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿಗಳ ಕಾಯಿದೆ ಈ ದಿಸೆಯಲ್ಲಿ ಸ್ವಲ್ಪ ನೆರವಾಗಿದೆ. ಕರ್ನಾಟಕದ ಕಸೂತಿ ಮತ್ತು ಸಂಡೂರಿನ ಲಂಬಾಣಿ ಕಸೂತಿ ಎರಡೂ ಇದರಡಿ ನೋಂದಣಿಯಾಗಿವೆ. ಇದು ರಕ್ಷಿಸುವುದು ಹೆಸರನ್ನು. ಎಲ್ಲಿಯ ಹುಡುಗಿ ಬೇಕಾದರೂ ತನ್ನ ಕುರ್ತಾಕ್ಕೆ ತುಳಸಿಕಟ್ಟೆ ಹಾಕಿಕೊಳ್ಳಬಹುದು. ಬೇರೆಲ್ಲೋ ಯಂತ್ರದಲ್ಲಿ ಒತ್ತಿದ ಬಟ್ಟೆಯನ್ನು ಕರ್ನಾಟಕದ ಕಸೂತಿ ಎಂದು ಹೆಸರಿಟ್ಟು ಮಾರುವಂತಿಲ್ಲ, ಅಷ್ಟೆ. ಚಿತ್ತಾರವೇ ಕದ್ದುಹೋದರೆ ಈ ಕಾಯಿದೆ ಕೈಚಾಚುವುದು ಕಷ್ಟ.

ಮೆಕ್ಸಿಕೊ ದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ ಸಾಂತಾ ಮರಿಯಾ ತ್ಲಾಹುಯಿತೊಲ್ತೆಪೆಕ್ ಎಂಬ ಊರಿನ ಮಿಹೆ ಜನಾಂಗದ ಹೆಂಗಸರು ತೊಡುವ ಕಸೂತಿಯ ಕುಪ್ಪಸವನ್ನು ಹೋಲುವ ಉಡುಪನ್ನು ಫ್ರಾನ್ಸಿನ ವಿನ್ಯಾಸಕಿ ಇಸಾಬೆಲ್ ಮರಾಂಟ್ ಮಾರುಕಟ್ಟೆಗೆ ತಂದಾಗ 2015ರಲ್ಲಿ ದೊಡ್ಡ ಗದ್ದಲವೆದ್ದಿತು. ವಿಚಿತ್ರವೆಂದರೆ, ಆ ವಿನ್ಯಾಸ ತನ್ನದೆಂದು ಫ್ರಾನ್ಸಿನದೇ ಇನ್ನೊಂದು ಕಂಪನಿ ನ್ಯಾಯಾಲಯಕ್ಕೆ ಹೋಗಿತ್ತು. ಮೂಲ ಮಿಹೆ ಜನರದೆಂದು ಮರಾಂಟ್ ಕಡೆಯವರು ಅಲ್ಲಿ ಒಪ್ಪಿಕೊಂಡರು. 2022ರಲ್ಲಿ ಮೆಕ್ಸಿಕೊ ಜಾರಿಗೆ ತಂದ ಕಾನೂನು, ಮೂಲನಿವಾಸಿ ಸಮುದಾಯಗಳ ಕಲಾರೂಪಗಳನ್ನು ವ್ಯಾಪಾರಕ್ಕೆ ಬಳಸುವವರು ಆಯಾ ಸಮುದಾಯದ ಒಪ್ಪಿಗೆ ಪಡೆಯಬೇಕೆಂದು ಹೇಳುತ್ತದೆ. ಒಬ್ಬ ವ್ಯಕ್ತಿಯ ಬಳಿ ಕೇಳುವ ಅನುಮತಿ ಅಲ್ಲಿ ಇಡೀ ಊರಿನ ಬಳಿ ಕೇಳುವ ಅನುಮತಿಯಾಗಿದೆ. ಊರಿನ ಪರವಾಗಿ ಹೂಂ ಎನ್ನುವವರು ಯಾರು ಎಂಬ ತೊಡಕು ಇದ್ದೇ ಇದೆ. ಆದರೂ ಕೇಳುವುದು ಧರ್ಮ ಎಂಬುದನ್ನು ಕಾನೂನು ಒಪ್ಪಿದ್ದು ಸಣ್ಣ ಮಾತಲ್ಲ.

ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಿಲ್ಲ. ನಮೂನೆ ಬರೆದು ಮಾರುವವರು ಹಾಳೆಯ ಮೂಲೆಯಲ್ಲಿ ಎರಡು ಸಾಲು ಬರೆಯುವ ರೂಢಿ ಬೆಳೆಸಿಕೊಳ್ಳಬಹುದು. ಇದರಲ್ಲಿ ಪರಂಪರೆಯಿಂದ ಬಂದದ್ದು ಎಷ್ಟು, ತಾನು ಸೇರಿಸಿದ್ದು ಎಷ್ಟು ಎಂಬುದು ಒಂದು ಸಾಲು. ಕೊಂಡವರು ಏನೇನು ಮಾಡಬಹುದು, ಯಾವುದಕ್ಕೆ ಕೇಳಬೇಕು ಎಂಬುದು ಇನ್ನೊಂದು. ಮೊದಲನೆಯ ಸಾಲು ಸತ್ತುಹೋದ ಸಾವಿರಾರು ಅಜ್ಜಿಯರ ಋಣ ಒಪ್ಪಿಕೊಳ್ಳುತ್ತದೆ. ಎರಡನೆಯದು ಇವತ್ತು ದೀಪದ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಗೆರೆ ಎಳೆಯುತ್ತಿರುವವಳ ಅನ್ನ ಉಳಿಸುತ್ತದೆ.