ಇಪ್ಪತ್ತು ವರ್ಷಗಳ ವಾಯಿದೆ

ಗುಲಾಮಗಿರಿಯ ವಿಷಯದಲ್ಲಿ ರಾಜಿಯಾಗದಿದ್ದರೆ ಅಮೆರಿಕವೆಂಬ ಒಕ್ಕೂಟವೇ ಹುಟ್ಟುತ್ತಿರಲಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಆದರೆ 1787ರ ಆಗಸ್ಟ್ 25ರಂದು ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ ನಡೆದ ಮತದಾನ ಬೇರೆಯೇ ಕಥೆ ಹೇಳುತ್ತದೆ. ಆಫ್ರಿಕಾದಿಂದ ಮನುಷ್ಯರನ್ನು ಹೊತ್ತು ತರುವ ವ್ಯಾಪಾರವನ್ನು 1800ರವರೆಗೆ ನಿಷೇಧಿಸುವಂತಿಲ್ಲ ಎಂದು ಸಮಿತಿಯೊಂದು ಸೂಚಿಸಿತ್ತು. ದಕ್ಷಿಣ ಕೆರೊಲಿನಾದ ಪಿಂಕ್ನಿ ಅದನ್ನು 1808ಕ್ಕೆ ಏರಿಸಲು ಕೇಳಿದರು. ಅನುಮೋದಿಸಿದವರು ಉತ್ತರದ ಮಸಾಚುಸೆಟ್ಸ್‌ನ ಗೋರಮ್! ಇಪ್ಪತ್ತು ವರ್ಷದಲ್ಲಿ ಆಗಬಹುದಾದ ಅನಾಹುತವೆಲ್ಲ ಆಗಿಹೋಗುತ್ತದೆ ಎಂದು ಮ್ಯಾಡಿಸನ್ ಎಚ್ಚರಿಸಿದರೂ ಪ್ರಸ್ತಾವ 7–4ರಲ್ಲಿ ಗೆದ್ದಿತು. ಸಭೆಯಲ್ಲಿದ್ದ ನ್ಯೂ ಇಂಗ್ಲೆಂಡಿನ ಮೂರೂ ರಾಜ್ಯಗಳು ಪರವಾಗಿದ್ದವು. ವರ್ಜೀನಿಯಾ ವಿರೋಧಿಸಿತು, ಅಲ್ಲಿ ಗುಲಾಮರು ಆಗಲೇ ಬೇಕಾದಷ್ಟಿದ್ದರು, ಆದ್ದರಿಂದ ಅದನ್ನು ಬರೀ ಕರುಣೆ ಎನ್ನಲಾಗದು. ನಾಲ್ಕೇ ದಿನಗಳಲ್ಲಿ ಉತ್ತರದ ಹಡಗು ಮಾಲೀಕರಿಗೆ ಬೇಕಾದದ್ದು ಸಿಕ್ಕಿತು: ನೌಕಾ ವಾಣಿಜ್ಯದ ಕಾನೂನಿಗೆ ಮೂರನೇ ಎರಡು ಬಹುಮತ ಬೇಡ, ಸರಳ ಬಹುಮತ ಸಾಕು. ಇದು ಕೊಡು–ಕೊಳ್ಳುವ ವ್ಯವಹಾರ, ಬೆಲೆ ತೆತ್ತವರು ಮಾತ್ರ ಆ ಸಭೆಯಲ್ಲಿರಲಿಲ್ಲ.

ಕಾಲವೇ ಹಾಗಿತ್ತು ಎನ್ನಬಹುದು. ಆದರೆ ವರ್ಮಾಂಟ್ 1777ರಲ್ಲೇ ತನ್ನ ಸಂವಿಧಾನದಲ್ಲಿ ವಯಸ್ಕರ ಗುಲಾಮಗಿರಿಯನ್ನು ನಿಷೇಧಿಸಿತ್ತು. ಸಭೆ ಕೂಡಿದ್ದ ಪೆನ್ಸಿಲ್ವೇನಿಯಾದಲ್ಲೇ ಹಂತಹಂತದ ವಿಮೋಚನೆಯ ಕಾಯ್ದೆ 1780ರಿಂದ ಜಾರಿಯಲ್ಲಿತ್ತು. ದಕ್ಷಿಣದವರು ಎದ್ದುಹೋಗುತ್ತಿದ್ದರು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಆ ಬೆದರಿಕೆ ಬಂದದ್ದು ನಿಜ. ಆದರೆ ಒಂದು ಕಡೆ ಕ್ರೀಕ್ ಬುಡಕಟ್ಟಿನೊಂದಿಗೆ ಸಂಘರ್ಷ, ಇನ್ನೊಂದು ಕಡೆ ಸ್ಪೇನಿನ ಫ್ಲಾರಿಡಾ, ಇವುಗಳ ನಡುವೆ ಸಿಕ್ಕಿದ್ದ ಜಾರ್ಜಿಯಾ ಒಂಟಿಯಾಗಿ ಬಾಳುವುದು ಸುಲಭವಿರಲಿಲ್ಲ. ಒಕ್ಕೂಟ ಅದಕ್ಕೇ ಹೆಚ್ಚು ಬೇಕಿತ್ತು. ಆ ಬೆದರಿಕೆಯ ಸತ್ವವನ್ನು ಯಾರೂ ಪರೀಕ್ಷಿಸಲಿಲ್ಲ ಎಂಬುದೇ ನನ್ನ ಆಕ್ಷೇಪ.

ಪಿಡುಗು ತಾನಾಗಿ ಸಾಯುತ್ತದೆಂದು ಅವರು ನಂಬಿದ್ದರು, 1808ರಲ್ಲಿ ಆಮದು ನಿಂತೂ ಹೋಯಿತಲ್ಲ ಎಂಬ ಸಮಾಧಾನವೂ ಇದೆ. ಸಾಯುವುದೆಂದು ನಂಬಿದ್ದರೆ ಆ ವಿಧಿಯನ್ನು 1808ರವರೆಗೆ ತಿದ್ದುಪಡಿಯೂ ಮುಟ್ಟದಂತೆ ಭದ್ರಪಡಿಸಿದ್ದೇಕೆ? ವಾಯಿದೆ ಮುಗಿಯುವ ಮುನ್ನದ ನಾಲ್ಕು ವರ್ಷಗಳಲ್ಲೇ ಚಾರ್ಲ್ಸ್‌ಟನ್ ಬಂದರಿಗೆ ಸುಮಾರು 40 ಸಾವಿರ ಆಫ್ರಿಕನ್ನರನ್ನು ತಂದಿಳಿಸಲಾಯಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ಕ್ಕೆ 40 ಲಕ್ಷದ ಹತ್ತಿರ ಬಂದಿತ್ತು. ಹತ್ತಿಯ ಲಾಭ ಅದಕ್ಕೆ ದೊಡ್ಡ ಕಾರಣ ನಿಜ. ಆ ಲಾಭಕ್ಕೆ ಕಾವಲು ನಿಂತದ್ದು ಸಂವಿಧಾನ. ಗುಲಾಮರನ್ನು ಐದರಲ್ಲಿ ಮೂರರ ಲೆಕ್ಕದಲ್ಲಿ ಎಣಿಸಿ ಒಡೆಯರ ರಾಜ್ಯಗಳಿಗೆ ಹೆಚ್ಚುವರಿ ಸ್ಥಾನ ಕೊಟ್ಟದ್ದೂ ಅದೇ. ಪಿಂಕ್ನಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಊರಿಗೆ ಮರಳಿದ ಅವರು 1788ರ ಜನವರಿಯಲ್ಲಿ ತಮ್ಮ ಶಾಸನಸಭೆಗೆ, ಕೇಂದ್ರ ಸರ್ಕಾರ ನಮ್ಮ ಗುಲಾಮರನ್ನು ಎಂದಿಗೂ ಬಿಡುಗಡೆ ಮಾಡಲಾರದು, ಆ ಭದ್ರತೆ ಪಡೆದೇ ಬಂದಿದ್ದೇವೆ ಎಂದು ವರದಿ ಒಪ್ಪಿಸಿದರು.