ಮಗ್ಗದ ಊರಿಗೊಂದು ಅಂಗಳ

ಬನಹಟ್ಟಿಯ ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು ಎದುರುಗೊಳ್ಳುತ್ತದೆ. ಇಲ್ಲಿ ಎಷ್ಟೋ ಮಂದಿಗೆ ಮನೆಯೇ ಕಾರ್ಖಾನೆ. ಒಂದೇ ಸೂರಿನಡಿ ಸೀರೆ ನೇಯುತ್ತಾರೆ, ಕಂಡಿಕೆ ಸುತ್ತುತ್ತಾರೆ, ರೊಟ್ಟಿ ಬಡಿಯುತ್ತಾರೆ, ಮಕ್ಕಳನ್ನು ಓದಿಸುತ್ತಾರೆ. ಮಗ್ಗಕ್ಕೆ ಪಡಸಾಲೆ ಬಿಟ್ಟುಕೊಟ್ಟ ಮನೆಗೆ ಊರು ಕೊಡಬೇಕಾದ ಅಂಗಳವೇ ಉದ್ಯಾನ. ಮುದುಕರಿಗೆ ಕೂರಲು, ಮಕ್ಕಳಿಗೆ ಓಡಲು, ನೇಕಾರನಿಗೆ ಸಂಜೆ ಕಿವಿ ತಂಪಾಗಿಸಿಕೊಳ್ಳಲು ಬೇರೆ ಜಾಗ ಎಲ್ಲಿದೆ?

ಹೊಲ ಪ್ಲಾಟಾಗುವಾಗ

ಹಳೆಯ ಊರುಗಳಿಗೆ ತಮ್ಮದೇ ಸೌಲಭ್ಯಗಳಿದ್ದವು: ಅಗಸಿಯ ಕಟ್ಟೆ, ಗರಡಿಮನೆ, ಸೇದುವ ಬಾವಿ, ಸಂತೆಯ ಬಯಲು, ಗುಡಿಯ ಅಂಗಳ. ಊರು ಅಗಸಿ ದಾಟಿ ಬೆಳೆದಾಗ ಇವು ಅದರ ಜೊತೆ ಬೆಳೆಯಲಿಲ್ಲ. ಒಬ್ಬರ ಹೊಲ ಈ ವರ್ಷ ಎನ್.ಎ. (ಕೃಷಿಯೇತರ) ಆಗುತ್ತದೆ, ಪಕ್ಕದವರದು ಮುಂದಿನ ವರ್ಷ. ಪ್ರತಿ ಲೇಔಟೂ ತನ್ನ ಪಾಲಿನ ಬಯಲನ್ನು ಬಿಡಬೇಕು. ನಾಲ್ಕು ಎಕರೆಯಲ್ಲಿ ಹತ್ತರಲ್ಲೊಂದು ಪಾಲು ಬಿಟ್ಟರೆ 16 ಗುಂಟೆ. ಅದು ರಸ್ತೆಗೆ ತಾಗಿದ ಚೌಕವಾಗಿದ್ದರೆ ಉದ್ಯಾನವಾಗುತ್ತದೆ. ಪ್ಲಾಟು ಕೂರದ ಮೂಲೆಯ ಚೂಪು ತುಂಡಾಗಿದ್ದರೆ ಕಸದ ತಿಪ್ಪೆಯಾಗುತ್ತದೆ.

ಇನ್ನೊಂದು ತೊಡಕೂ ಇದೆ. ಹತ್ತು ಲೇಔಟುಗಳ ಹತ್ತು ತುಂಡು ಸೇರಿದರೂ ಒಂದು ಪ್ರೌಢಶಾಲೆಯ ಮೈದಾನವಾಗದು. ಹೊಲದ ಬಾಂದು ದಾಟಿ ಇಡೀ ಊರನ್ನು ಒಟ್ಟಿಗೆ ನೋಡುವ ಕಣ್ಣು ಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಾಸ್ಟರ್ ಪ್ಲಾನ್ ಆ ಕಣ್ಣು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಇರಲಿ ಎನ್ನುತ್ತದೆ. ಹತ್ತು ಸಾವಿರ ಜನರಿಗೆ ಕಡಿಮೆಯೆಂದರೂ ಸುಮಾರು 25 ಎಕರೆ ಎಂದಾಯಿತು. ಅಷ್ಟು ಜಾಗವನ್ನು ಪ್ಲಾಟು ಮಾರಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ನವನಗರದ ಪಾಠ

ಮೊದಲೇ ಜಾಗ ಗುರುತಿಸಿಟ್ಟ ಊರಿಗೆ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಉದಾಹರಣೆಯಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಾಗಲಕೋಟೆಯ ಮನೆಗಳು ಮುಳುಗಡೆಯಾಗುವುದೆಂದು ತಿಳಿದಾಗ, ಎತ್ತರದ ನೆಲದಲ್ಲಿ ನವನಗರ ಕಟ್ಟಲಾಯಿತು. 1980ರ ದಶಕದಲ್ಲಿ ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ತೊಡಗಿದ್ದರು. ನೆಲವೆಲ್ಲ ಒಂದೇ ಕೈಯಲ್ಲಿದ್ದುದರಿಂದ ಸೆಕ್ಟರುಗಳನ್ನು ಮೊದಲೇ ಗೆರೆ ಎಳೆದು ಗುರುತಿಸಲು ಸಾಧ್ಯವಾಯಿತು. ಮನೆಮಠ ಕಳೆದುಕೊಂಡವರ ನೋವು ಅದರಿಂದ ತೀರಲಿಲ್ಲ. ಆದರೆ ಮನೆಗಿಂತ ಮೊದಲು ನಕಾಶೆ ಬರಬೇಕೆಂಬುದನ್ನು ಆ ಊರು ತೋರಿಸಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿಗಳಿಗೆ ಮುಳುಗಡೆಯ ಸಂಕಟವಿಲ್ಲದೆಯೇ ಆ ಪಾಠ ಕಲಿಯುವ ಅವಕಾಶವಿದೆ.

ನದಿ ಬರೆದ ಗೆರೆ

ಹಿಪ್ಪರಗಿ ಬ್ಯಾರೇಜಿನ ಆಸುಪಾಸಿನವರಿಗೆ ಕೃಷ್ಣೆ ಎಲ್ಲಿಯವರೆಗೆ ಬರುತ್ತಾಳೆಂಬುದು ಗೊತ್ತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ನೀರು ನಿಂತ ಮಟ್ಟವನ್ನು ಹಿರಿಯರು ಇಂದಿಗೂ ಗೋಡೆ ಮುಟ್ಟಿ ತೋರಿಸುತ್ತಾರೆ. ಆ ಗೆರೆಯ ಕೆಳಗೆ ಮನೆ ಕಟ್ಟಬಾರದು, ಗಿಡ ನೆಡಬಹುದು. ಹೊಳೆದಂಡೆಯ ತೋಪು ಎರಡು ದಿನ ನೀರಲ್ಲಿ ನಿಂತರೂ ಮತ್ತೆ ಚಿಗುರುತ್ತದೆ. ಶಾಲೆ, ಆಸ್ಪತ್ರೆ, ಸಮುದಾಯ ಭವನಗಳು ಗೆರೆಯ ಮೇಲಿರಬೇಕು. ನೆರೆ ಬಂದಾಗ ಜನ ಮೊದಲು ಓಡುವುದು ಅಲ್ಲಿಗೇ.

ಕಾಯುವವರು ಯಾರು?

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಇಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಕರ್ನಾಟಕದ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯೂ ಇಂಥ ಜಾಗಗಳ ಪಟ್ಟಿ ಇರಬೇಕೆನ್ನುತ್ತದೆ. ನಿಮ್ಮ ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಹೋಗಿ ಆ ಪಟ್ಟಿ ಕೇಳಿ. ಲೇಔಟಿನ ಮಂಜೂರಾದ ನಕಾಶೆ ಕೈಯಲ್ಲಿ ಹಿಡಿದು ಬಯಲನ್ನು ಕಾಲಳತೆಯಲ್ಲಿ ಅಳೆದು ಬನ್ನಿ.

1989ರಲ್ಲಿ ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ವಂತಿಗೆ ಕೂಡಿಸಿ, ಬೆವರು ಸುರಿಸಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಹೊಳೆಯನ್ನೇ ತಡೆದು ನಿಲ್ಲಿಸಿದ ಈ ಸೀಮೆಯವರಿಗೆ ಮಕ್ಕಳ ಪಾಲಿನ 16 ಗುಂಟೆ ಕಾಯುವುದು ಹೆಚ್ಚಿನ ಕೆಲಸವೇನಲ್ಲ.